ಮುಚ್ಚಿಟ್ಟ ರೀಲು

"ನನ್ನ ಗಂಡ ತಾನಾಗೇ ಹಾರಿದ್ರಾ, ಇಲ್ವಾ? ಅಷ್ಟು ಹೇಳಿ ಸಾಕು. ಬೇರೇನೂ ಬೇಡ ನಂಗೆ."

ಮಂಗಳವಾರ ಬೆಳಿಗ್ಗೆ ರೀಲಜ್ಜಿಯ ಅಂಗಡಿಯಲ್ಲಿ ವೆಲ್ಡರ್ ಅಣ್ಣನ ಹೆಂಡತಿ ಆಡಿದ ಮೊದಲ ಮಾತು ಅದು. ಶವಾಗಾರದಿಂದ ನಾನೇ ಅವಳನ್ನು ಅಲ್ಲಿಗೆ ಕರೆತಂದಿದ್ದೆ. ಆತ್ಮಹತ್ಯೆ ಅಂತ ಬರೆದು ಸಂಜೆ ಹೆಣ ಕೊಡುತ್ತೇವೆ ಎಂದು ಪೊಲೀಸರು ಹೇಳಿದ್ದರು.

"ಫೋನಲ್ಲಿ ದಿನಾ ನಿಮ್ಮದೇ ಮಾತು," ಎಂದಳು ಅವಳು. "ಅಜ್ಜಿ ಹಾಗೆ ಬೈದ್ರು, ಅಜ್ಜಿ ಹೀಗೆ ಬೈದ್ರು ಅಂತ. ಮಕ್ಕಳಿಗೆ ನಾನೇನು ಹೇಳ್ಲಿ? ನಿಮ್ಮಪ್ಪ ನಿಮ್ಮನ್ನ ಬೇಡ ಅಂತ ಹೋದ್ರು ಅಂತಲಾ?"

ಅಜ್ಜಿ ಕನ್ನಡಕ ಒರೆಸಿಕೊಂಡಳು.

ಮೀನಿನ ಗಾಳದ ರೀಲು ರಿಪೇರಿ ಮಾಡುವುದು ಅವಳ ಐವತ್ತು ವರ್ಷದ ಕಸುಬು. ರೀಲು ತಂದವರೆಲ್ಲ ಹೇಳುವುದು ಒಂದೇ, "ತಾನಾಗೇ ಕೆಟ್ಟುಹೋಯ್ತು." ಅಜ್ಜಿ ಬಿಚ್ಚಿ ನೋಡಿ, ಎಲ್ಲಿ ಬಿತ್ತು, ಯಾರು ತುಳಿದರು, ಎಷ್ಟು ದಿನ ಉಪ್ಪುನೀರಲ್ಲಿ ನೆನೆಯಿತು ಎಲ್ಲ ಹೇಳಿಬಿಡುತ್ತಿದ್ದಳು. ಆ ಕಣ್ಣನ್ನು ನಂಬಿಯೇ ಎರಡು ಸಲ ಇನ್ಸ್‌ಪೆಕ್ಟರು ಬಂದರಿನ ಕೇಸುಗಳನ್ನು ಅವಳ ಮುಂದೆ ತಂದಿದ್ದ. ಎರಡೂ ಸಲ ನಾನು ಅವಳ ಚೀಲ ಹೊತ್ತಿದ್ದೆ.

ನಾನು, ವೆಲ್ಡರ್ ಅಣ್ಣ ಇಬ್ಬರೂ ಹಡಗು ರಿಪೇರಿ ಯಾರ್ಡಿನವರು. ಒಂದೇ ವಸತಿಗೃಹ, ಒಂದೇ ಕೋಣೆ, ಅಕ್ಕಪಕ್ಕದ ಮಂಚ. ಮನೆ ಬಿಟ್ಟು ಬಂದವರಿಗೆ ಭಾನುವಾರ ಕಳೆಯುವುದೇ ಕಷ್ಟ. ಕೆಲವರು ಕುಡಿಯುತ್ತಿದ್ದರು, ಕೆಲವರು ಇಸ್ಪೀಟಾಡುತ್ತಿದ್ದರು. "ಕಿಡಿ ಹಾರದ ಕೆಲಸ ಒಂದಾದ್ರೂ ಕಲೀಬೇಕು ಕಣೋ," ಎಂದು ಅಣ್ಣ ನನ್ನನ್ನೂ ಅಜ್ಜಿಯ ಅಂಗಡಿಗೆ ಎಳೆದೊಯ್ದಿದ್ದ. ಅವಳದು ಎರಡೇ ನಿಯಮ. ಬಿಚ್ಚಿದ ಭಾಗಗಳನ್ನು ಬಿಚ್ಚಿದ ಸಾಲಿನಲ್ಲೇ ಮೊಟ್ಟೆ ಟ್ರೇಯ ಗುಳಿಗಳಲ್ಲಿ ಇಡಬೇಕು. ಅವಳು ನೋಡುವ ತನಕ ರೀಲು ಮುಚ್ಚಬಾರದು.

"ನಾನು ನೋಡದೆ ಮುಚ್ಚಿದ್ರೋ, ಕೈ ಮುರೀತೀನಿ."

ನಲವತ್ತೆರಡು ವರ್ಷದ ಅಣ್ಣ ಶಾಲೆ ಹುಡುಗನ ಹಾಗೆ ತಲೆಯಾಡಿಸಿದ್ದ. ಒಮ್ಮೆ ಬಿಚ್ಚಿದ ರೀಲನ್ನು ಟ್ರೇ ಸಮೇತ ಎರಡೂ ಕೈಯಲ್ಲಿ ಹಿಡಿದು, ತುಂಬಿದ ಬಸ್ಸಿನಲ್ಲಿ ಅಜ್ಜಿಗೆ ತೋರಿಸಲು ತಂದಿದ್ದ.

"ಭಾನುವಾರ ಏನಾಯ್ತು? ಕತೆ ಕಟ್ಬೇಡ, ಕಂಡದ್ದು ಹೇಳು," ಎಂದಳು ಅಜ್ಜಿ ನನಗೆ.

ಹೇಳಿದೆ. ನಾನು ಕ್ಷೌರಕ್ಕೆ ಹೋಗಿದ್ದೆ. ಸಂಜೆ ಐದೂವರೆಗೆ ಬಂದಾಗ ಅಣ್ಣ ಹಿತ್ತಲ ಕಲ್ಲಿನ ಮೇಲೆ ಬಿದ್ದಿದ್ದ, ಪೊಲೀಸರು ಆಗಲೇ ಬಂದಿದ್ದರು. ತಾರಸಿಯ ಮೋಟುಗೋಡೆ ಎದೆಮಟ್ಟಕ್ಕಿತ್ತು, ಕಾಲು ಜಾರಿ ಬೀಳುವಂಥದ್ದಲ್ಲ. ತಾರಸಿಯಲ್ಲಿ ಅವನು ರೀಲು ಬಿಚ್ಚಲು ಕೂರುತ್ತಿದ್ದ ಮೇಜಿನ ಮೇಲೆ ಮಡಿಸಿದ ಟವೆಲು, ಖಾಲಿ ಟ್ರೇ, ಡಬ್ಬಿಯಲ್ಲಿ ಸ್ಕ್ರೂ ಡ್ರೈವರ್, ಪಕ್ಕದಲ್ಲಿ ಮುಚ್ಚಿಟ್ಟ ರೀಲು. "ಎಲ್ಲ ಅಚ್ಚುಕಟ್ಟಾಗಿ ಮುಗಿಸಿ ಹೋಗಿದ್ದಾನೆ," ಎಂದಿದ್ದ ಇನ್ಸ್‌ಪೆಕ್ಟರು. ಹದಿನೈದು ದಿನದ ಹಿಂದೆ ಹಡಗಿನ ಟ್ಯಾಂಕಿನೊಳಗೆ ಉಸಿರುಗಟ್ಟಿ ಒಬ್ಬ ಕೆಲಸಗಾರ ಸತ್ತಿದ್ದ. ಟ್ಯಾಂಕಿನ ಬಾಯಲ್ಲಿ ಕಾವಲಿದ್ದವನು ಅಣ್ಣ. ಆ ಕೊರಗಿಗೇ ಹೀಗೆ ಮಾಡಿಕೊಂಡ, ರಾತ್ರಿಯೆಲ್ಲ ಅಳುತ್ತಿದ್ದ ಎಂದು ಕೆಳಗಿನ ಕೋಣೆಯ ಫಿಟ್ಟರ್ ಮೇಸ್ತ್ರಿ ಪೊಲೀಸರಿಗೆ ಹೇಳಿದ್ದ.

"ಅಳ್ತಿದ್ನಾ?"

"ಗೊರಕೆ ಕೇಳಿದ್ದೀನಿ. ಅಳು ಕೇಳಿಲ್ಲ."

"ಹೊಟ್ಟೇಲಿ ಇನ್ನೊಂದಿದೆ ನಿಂಗೆ. ಉಗುಳು."

ಉಗುಳಿದೆ. ಒಳಗಿನ ಗಾಳಿ ಪರೀಕ್ಷೆ ಮಾಡದೆ ಆ ಕೆಲಸಗಾರನನ್ನು ಟ್ಯಾಂಕಿಗೆ ಇಳಿಸಿದವನು ಮೇಸ್ತ್ರಿ. ಆ ಸಾವಿನ ಬಗ್ಗೆ ಬುಧವಾರ ನಡೆಯುವ ವಿಚಾರಣೆಯಲ್ಲಿ ಅದನ್ನು ಹೇಳಿಯೇ ತೀರುತ್ತೇನೆ ಎಂದು ಅಣ್ಣ ಶನಿವಾರ ನನಗೆ ಹೇಳಿದ್ದ. ಮೇಸ್ತ್ರಿ ಇಳಿಸಿದ್ದನ್ನು ನಾನೂ ಕಣ್ಣಾರೆ ಕಂಡಿದ್ದೆ. ಪೊಲೀಸರ ಮುಂದೆ ಬಾಯಿ ಬಿಟ್ಟಿರಲಿಲ್ಲ. ನನ್ನ ಪಾಳಿ ಬರೆಯುವವನು ಮೇಸ್ತ್ರಿಯೇ.

ಅಜ್ಜಿ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಮಧ್ಯಾಹ್ನ ವಸತಿಗೃಹಕ್ಕೆ ಹೋದೆವು. ಇನ್ಸ್‌ಪೆಕ್ಟರು ಗೊಣಗುತ್ತಲೇ ತಾರಸಿಯ ಬೀಗ ತೆಗೆದ. ರೀಲು ಇದ್ದಲ್ಲೇ ಇತ್ತು. ಅಜ್ಜಿ ಮುಟ್ಟಲಿಲ್ಲ, ಬಗ್ಗಿ ನೋಡಿದಳು. ಪಕ್ಕದ ಮುಚ್ಚಳದ ಮೂರು ಸ್ಕ್ರೂಗಳ ತಲೆಯ ಗೀರುಗಳು ಹನ್ನೆರಡು ಗಂಟೆಯ ಮುಳ್ಳಿನಂತೆ ನೆಟ್ಟಗಿದ್ದವು. ಇಳಿಯುವಾಗ ಅವಳು ಉಸಿರು ತೆಗೆದುಕೊಳ್ಳಲು ನಡುಮನೆಯ ಸ್ವಿಚ್ ಬೋರ್ಡಿನ ಬಳಿ ನಿಂತಳು.

"ಈ ಬೋರ್ಡು ಹಾಕಿದ್ಯಾರು?"

"ಮೇಸ್ತ್ರಿ. ಹೋದ ತಿಂಗಳು ಸುಟ್ಟುಹೋಗಿತ್ತು. ಯಾಕಜ್ಜಿ?"

"ಕೂದಲ ಜೊತೆ ಕಣ್ಣನ್ನೂ ಕ್ಷೌರದಂಗಡೀಲೇ ಬಿಟ್ಟು ಬಂದ್ಯಾ?"

ಭಾನುವಾರ ಸಂಜೆ ಅಣ್ಣನನ್ನು ಬಿಟ್ಟರೆ ಮನೆಯಲ್ಲಿ ಇದ್ದವರು ಮೂವರೇ. ಊಟದ ಮನೆ ನಡೆಸುವ ಮೆಸ್ ಅಕ್ಕನಿಗೆ ಮಂಡಿನೋವು. ವರ್ಷದಿಂದ ಮೆಟ್ಟಿಲು ಹತ್ತಿರಲಿಲ್ಲ. ನಮ್ಮದೇ ಕೋಣೆಯ ಪೇಂಟರಿಗೂ ಅಣ್ಣನಿಗೂ ರೀಲು ತೊಳೆಯುವ ಸೀಮೆಎಣ್ಣೆಯ ವಾಸನೆಯ ಬಗ್ಗೆ ಜಗಳವಾಗಿತ್ತು. ಆದರೆ ಪೇಂಟರನ ಬಲಗೈ ಶುಕ್ರವಾರವೇ ಸುಟ್ಟು, ಬೆರಳ ತುದಿಯವರೆಗೆ ಬ್ಯಾಂಡೇಜಿನಲ್ಲಿತ್ತು. "ಇವನ ಅಂಗಿ ಗುಂಡೀನೂ ನಾನೇ ಹಾಕ್ಬೇಕು, ಮಹಾರಾಜ್ರಿಗೆ," ಎಂದಳು ಮೆಸ್ ಅಕ್ಕ. ಮೂರನೆಯವನು ಮೇಸ್ತ್ರಿ.

"ಜ್ವರ ಇತ್ತು ಅಜ್ಜಿ. ಮಲಗಿದ್ದೆ. ತಾರಸಿ ಕಡೆ ತಲೆ ಹಾಕಿಲ್ಲ. ಆ ರೀಲು ಎಂಥದು ಅಂತಲೂ ಗೊತ್ತಿಲ್ಲ."

ನಾಲ್ಕು ಗಂಟೆಗೆ ಅಜ್ಜಿ ಎಲ್ಲರನ್ನೂ ಊಟದ ಮನೆಯಲ್ಲಿ ಕೂರಿಸಿದಳು. ಅಣ್ಣನ ಹೆಂಡತಿ ಬಾಗಿಲ ಬಳಿ ಕೂತಳು. ರೀಲನ್ನು ಇನ್ಸ್‌ಪೆಕ್ಟರು ಬಟ್ಟೆಯಲ್ಲಿ ಹಿಡಿದು ತಂದು ಮೇಜಿನ ಮೇಲಿಟ್ಟ.

"ಬೇಗ ಅಜ್ಜಿ. ಆರು ಗಂಟೆಗೆ ಕಾಗದ ಕೊಡ್ಬೇಕು."

"ಕೊಡಿ ಸಾಹೇಬ್ರೆ. ಸರಿಯಾದ್ದು ಬರೆದು ಕೊಡಿ." ಅಜ್ಜಿ ರೀಲಿನ ಹಿಡಿಯನ್ನು ಬಟ್ಟೆಯ ಮೇಲಿಂದಲೇ ಅಲ್ಲಾಡಿಸಿದಳು. ಅದು ಲೊಡಲೊಡ ಅಂದಿತು. "ಕೇಳಿಸ್ತಾ? ಒಳಗೆ ಒಂದು ವಾಷರ್ ಇಲ್ಲ. ಹಳೇದು ಸವೆದಿತ್ತು, ಶನಿವಾರ ನಾನೇ ತೆಗೆದಿಟ್ಕೊಂಡೆ. ಹೊಸದು ಸೋಮವಾರ ಕೊಡ್ತೀನಿ ಅಂದಿದ್ದೆ." ಸೆರಗಿನ ಗಂಟು ಬಿಚ್ಚಿ ಪುಟ್ಟ ಹಿತ್ತಾಳೆ ಬಳೆಯಂಥ ಹೊಸ ವಾಷರನ್ನು ಮೇಜಿಗಿಟ್ಟಳು. "ವೆಲ್ಡರ್‌ಗೆ ಇದು ಗೊತ್ತಿತ್ತು. ಭಾನುವಾರ ಅವನು ಉಳಿದದ್ದನ್ನ ಬಿಚ್ಚಿ ತೊಳೀತಿದ್ದ, ಅಷ್ಟೆ. ನಾನು ನೋಡದೆ ಅವನು ಮುಚ್ಚೋನಲ್ಲ. ವಾಷರ್ ಇಲ್ಲದೆ ಮೊದಲೇ ಮುಚ್ಚೋನಲ್ಲ. ಅಂದ್ಮೇಲೆ ಮುಚ್ಚಿದ್ದು ಬೇರೆಯವರು."

"ಯಾಕೆ ಮುಚ್ಬೇಕು?" ಎಂದ ಇನ್ಸ್‌ಪೆಕ್ಟರು.

"ರೀಲು ಅರ್ಧ ಬಿಚ್ಚಿ ಬಿದ್ದಿದ್ರೆ ನೀವು ಏನಂತಿದ್ರಿ? ಕೆಲಸದ ನಡುವೆ ಯಾರೋ ಬಂದ್ರು ಅಂತಿದ್ರಿ. ಟ್ರೇಯಲ್ಲಿ ಸಾಲಾಗಿತ್ತಲ್ಲ, ಯಂತ್ರ ತಿಳಿದವನಿಗೆ ಜೋಡಿಸೋದು ಕಷ್ಟವಲ್ಲ. ಮಂಡಿನೋವಿನವಳು ಅಲ್ಲ. ಬ್ಯಾಂಡೇಜಿನವನೂ ಅಲ್ಲ. ಈ ಗೀರು ನೋಡಿ, ಮೂರೂ ನೆಟ್ಟಗೆ. ಬಿಗಿ ಮಾಡಿದ್ಮೇಲೆ ಗೀರುಗಳನ್ನ ಒಂದೇ ದಿಕ್ಕಿಗೆ ನಿಲ್ಲಿಸೋದು ಹಳೇ ಫಿಟ್ಟರ್‌ಗಳ ಹೆಮ್ಮೆ. ನನ್ನ ಶಿಷ್ಯರಿಬ್ಬರ ಸ್ಕ್ರೂಗಳು ಕುಡುಕರ ಹಾಗೆ ದಿಕ್ಕಿಗೊಂದು ನಿಂತಿರ್ತವೆ. ನಡುಮನೆಯ ಬೋರ್ಡು ನೋಡ್ಕೊಂಡು ಬನ್ನಿ ಸಾಹೇಬ್ರೆ. ಅಲ್ಲಿ ನಾಲ್ಕಿವೆ, ನಾಲ್ಕೂ ನೆಟ್ಟಗೆ."

ಮೇಸ್ತ್ರಿ ನಕ್ಕ. "ಸ್ಕ್ರೂ ನೆಟ್ಟಗಿದ್ರೆ ನೇಣಿಗೆ ಹಾಕ್ತೀರಾ ಅಜ್ಜಿ?"

"ಸ್ಕ್ರೂಗೆ ಯಾರು ಹಾಕ್ತಾರೋ," ಎನ್ನುತ್ತ ಅಜ್ಜಿ ಮೂರನ್ನೂ ಬಿಚ್ಚಿ ಮುಚ್ಚಳವನ್ನು ಅಂಗಾತ ಇಟ್ಟಳು. ಒಳಮೈಗೆ ಗ್ರೀಸಿನ ತೆಳು ಪದರ ಮೆತ್ತಿತ್ತು. ಅದರಲ್ಲಿ ಒಂದು ಅಗಲ ಹೆಬ್ಬೆರಳಿನ ಅಚ್ಚು. ನಡುವೆ ಓರೆಯಾಗಿ ಒಂದು ಗಾಯದ ಗೆರೆ. "ಹೊರಗೆ ಒರೆಸಿದ್ದೀಯ. ಒಳಗೆ ಯಾರು ನೋಡ್ತಾರೆ ಅಂದ್ಕೊಂಡೆ. ಕೈ ಮೇಜಿನ ಮೇಲಿಡು ಮೇಸ್ತ್ರಿ."

ಮೇಸ್ತ್ರಿಯ ಬಲಗೈ ಜೇಬಿನಲ್ಲಿತ್ತು. ಹೊರಗೆ ಬರಲಿಲ್ಲ. ಇನ್ಸ್‌ಪೆಕ್ಟರು ಎದ್ದು ಹೋಗಿ ತಾನೇ ಅದನ್ನು ಎಳೆದು ತಿರುಗಿಸಿದ. ಹೆಬ್ಬೆರಳಿನ ಮೇಲೆ ಓರೆಯಾಗಿ ಹಳೆಯ ಉಳಿಯ ಗಾಯವಿತ್ತು.

ಮೇಸ್ತ್ರಿ ಹೇಳಿದ, "ಮಾತಾಡೋಣ ಅಂತ ಹೋದೆ. ಬುಧವಾರ ಸುಮ್ನಿರು ಅಂದೆ. ಅವನು ತಲೆ ಎತ್ತಲೇ ಇಲ್ಲ. ಆ ದರಿದ್ರದ ಗಿಯರ್ ತಿಕ್ಕುತ್ತಲೇ ಇದ್ದ. ಟವೆಲ್ ಕೊಡವೋಕೆ ಗೋಡೆ ಮೇಲೆ ಬಗ್ಗಿದಾಗ ಕಾಲು ಹಿಡಿದು ಎತ್ತಿಬಿಟ್ಟೆ. ಟವೆಲ್ ಗೋಡೆ ಮೇಲೇ ಉಳೀತು."

ಅವನನ್ನು ಕರೆದೊಯ್ದ ಮೇಲೆ ಅಣ್ಣನ ಹೆಂಡತಿ ಎದ್ದು ಮೇಜಿನ ಬಳಿ ಬಂದಳು.

"ತಾನಾಗೇ ಅಲ್ಲ."

"ಅಲ್ಲಮ್ಮ. ಸೋಮವಾರ ಬರೋನಿದ್ದ ಅವನು."

"ಎಷ್ಟು ಗಂಟೆಗೆ?"

"ಆರಕ್ಕೆ. ಪಾಳಿ ಮುಗಿಸಿ."

ಅವಳು ತಲೆಯಾಡಿಸಿದಳು, ಮಕ್ಕಳಿಗೆ ಹೇಳಲು ಗಂಟೆಯನ್ನು ನೆನಪಿಟ್ಟುಕೊಳ್ಳುವವಳಂತೆ. ರೀಲು ಪೊಲೀಸರದಾಯಿತು. ಅಜ್ಜಿ ವಾಷರನ್ನು ಅವಳ ಅಂಗೈಗೆ ಹಾಕಿ ಬೆರಳು ಮಡಿಚಿದಳು.

ಮರುದಿನ ವಿಚಾರಣೆಯಲ್ಲಿ ಅಣ್ಣ ಹೇಳಬೇಕಿದ್ದನ್ನು ನಾನು ಹೇಳಿದೆ. ಟ್ಯಾಂಕಿನ ಬಾಯಲ್ಲಿ ಕಂಡದ್ದನ್ನೆಲ್ಲ ಹೇಳಿದೆ. ಹದಿನೈದು ದಿನ ಯಾಕೆ ಸುಮ್ಮನಿದ್ದೆ ಎಂದು ಅಧಿಕಾರಿ ಕೇಳಿದ. ನನ್ನ ಪಾಳಿ ಬರೆಯುವವನು ಮೇಸ್ತ್ರಿ, ಎಂದೆ.