ಕೊಳವೆಗೆ ಅಂಟಿದ ಕೆಂಪು ಎಳೆ

"ಅಕ್ಕಾ, ನಾಳೆ ನನ್ನನ್ನ ಕೆಲಸದಿಂದ ತೆಗೀತಾರೆ!" ಎನ್ನುತ್ತ ನರ್ಸ್ ಐಜಿರೆಕ್ ನಮ್ಮ ಮನೆಗೆ ಬಂದಳು. ನರಿನ್ ಪಟ್ಟಣದಲ್ಲಿ ಅಂದು ರೆಪ್ಪೆಯೂ ಹೆಪ್ಪುಗಟ್ಟುವ ಚಳಿ. ಆಸ್ಪತ್ರೆಯ ಪ್ರಯೋಗಾಲಯದಿಂದ ನಿವೃತ್ತಳಾಗಿದ್ದ ನನ್ನ ಜೊತೆಗೇ ವಾಸವಿದ್ದ ಗೆಳತಿ ಉಲ್ಕಾನ್ ಅವಳಿಗೆ ಮೊದಲು ಬಿಸಿ ಚಹಾ ಕೊಟ್ಟಳು, ಪ್ರಶ್ನೆಗಳನ್ನು ಆಮೇಲೆ ಕೇಳಿದಳು.

ಕುದುರೆ ಕಾಯುವ ಮುದುಕ ಕುಬಾತ್ ತೀವ್ರ ನಿಗಾ ಘಟಕದಲ್ಲಿದ್ದ. ಅವನ ರಕ್ತದಲ್ಲಿ ಕೊಬ್ಬಿನಾಮ್ಲ ವಿಪರೀತ ಏರಿತ್ತು. ಊಟದ ಬದಲು ನರಕ್ಕೆ ಹನಿಸುವ ಕೊಬ್ಬಿನ ದ್ರವವನ್ನು ಐಜಿರೆಕ್ ಜೋರಾಗಿ ಬಿಟ್ಟಿದ್ದೇ ಕಾರಣವೆಂದು ಡಾಕ್ಟರ್ ತಾಲಾಯ್‌ಬೆಕ್ ಆ ದ್ರವವನ್ನೇ ನಿಲ್ಲಿಸಿದ್ದರು. ಮುದುಕ ಸೊರಗುತ್ತಿದ್ದ.

"ಕಾಯಿಲೆ ಬಲವಾದ್ರೆ ಮೈ ತನ್ನ ಕೊಬ್ಬನ್ನೇ ಕರಗಿಸುತ್ತೆ, ಆಮ್ಲ ಏರುತ್ತೆ. ಆದ್ರೆ ಇಷ್ಟೊಂದಾ?" ಎಂದಳು ಉಲ್ಕಾನ್. "ದಿನಾ ಹೀಗೇನಾ?"

"ಭಾನುವಾರ ಮಾತ್ರ ಕಡಿಮೆ. ಅವತ್ತೂ ನಾನೇ ಇದ್ದೆ."

ಮರುದಿನ ಬೆಳಿಗ್ಗೆ ನಾವು ಹೋದಾಗ ಆಸ್ಪತ್ರೆಯ ಬಾಗಿಲಲ್ಲೇ ಆಯಾ ಬಾತ್ಮಾ ತನ್ನ ಕೆಂಪು ಕೈಗವಸುಗಳನ್ನು ಬಿಚ್ಚಿ ನನಗೆ ತೊಡಿಸಿದಳು. "ಅಯ್ಯೋ, ಕೈ ನೋಡಿ, ನದಿ ಮೀನಿನ ಹಾಗಿದೆ!" ಅವಳ ಹೆಗಲ ಮೇಲೂ ಅದೇ ಕೆಂಪು ಉಣ್ಣೆಯ ಶಾಲು. ರಕ್ತದ ಕೊಳವೆಗಳನ್ನು ಅಂಗಳದಾಚೆಯ ಪ್ರಯೋಗಾಲಯಕ್ಕೆ ಒಯ್ಯುವವಳು ಅವಳೇ. ಅದು ತೆರೆಯುವ ತನಕ ಒಂದು ಗಂಟೆ ಒಲೆಯ ಬಳಿ ಕೂರುತ್ತಾಳಂತೆ. ಭಾನುವಾರ ಅವಳಿಗೆ ರಜೆ, ಬೇರೊಬ್ಬ ಒಯ್ಯುತ್ತಾನೆ.

ಪ್ರಯೋಗಾಲಯದಲ್ಲಿ ಉಲ್ಕಾನ್, ಕೊಳವೆಗಳನ್ನು ಇಟ್ಟು ತರಬೇಕಾದ ಐಸ್ ಪೆಟ್ಟಿಗೆ ತೆರೆದಳು. ಐಸ್ ತುಂಡುಗಳ ಅಂಚು ಒಂದಿಷ್ಟೂ ಕರಗಿರಲಿಲ್ಲ. ಅಂದಿನ ಕೊಳವೆಯ ಚೀಟಿಗೆ ಕೆಂಪು ಎಳೆಯೊಂದು ಅಂಟಿತ್ತು. ಅವಳು ಒಂದೇ ಸಲಕ್ಕೆ ತೆಗೆದ ಕುಬಾತನ ರಕ್ತವನ್ನು ಎರಡು ಕೊಳವೆಗೆ ಹಾಕಿಸಿ, ಒಂದನ್ನು ಐಸಿನಲ್ಲಿಟ್ಟಳು, ಇನ್ನೊಂದನ್ನು ಒಂದು ಗಂಟೆ ತನ್ನ ಕಂಕುಳಲ್ಲಿ.

ಮಧ್ಯಾಹ್ನ ಡಾಕ್ಟರ ಕೋಣೆಯಲ್ಲಿ ಎಲ್ಲರೂ ಸೇರಿದೆವು.

"ಐಸಿನ ಕೊಳವೆಯಲ್ಲಿ ಇಂಥ ರೋಗಿಗೆ ಇರಬೇಕಾದಷ್ಟೇ ಆಮ್ಲ. ಕಂಕುಳಿನದರಲ್ಲಿ ಮೂರು ಪಟ್ಟು," ಎಂದಳು ಉಲ್ಕಾನ್. "ರಕ್ತ ಹೆಪ್ಪುಗಟ್ಟದಿರಲಿ ಅಂತ ಕೊಡೋ ಔಷಧಿ, ಕೊಬ್ಬು ಒಡೆಯೋ ರಸವನ್ನ ರಕ್ತಕ್ಕೆ ಬಿಡುತ್ತೆ. ಬೆಚ್ಚಗಿದ್ರೆ ಅದು ಕೊಳವೆಯೊಳಗೂ ಕೆಲಸ ನಿಲ್ಲಿಸಲ್ಲ. ಏರಿದ್ದು ಮುದುಕನ ಮೈಯಲ್ಲಲ್ಲ ಡಾಕ್ಟ್ರೇ, ಕೊಳವೆಯಲ್ಲಿ. ಬಿಸಿ ರಕ್ತದ ಕೊಳವೆ ಇಟ್ಟಿದ್ರೆ ಕರಗಬೇಕಿದ್ದ ಐಸ್ ಕರಗಿಲ್ಲ, ಚೀಟಿಗೆ ಶಾಲಿನ ಎಳೆ, ಬಾತ್ಮಾ ಇಲ್ಲದ ಭಾನುವಾರ ಮಾತ್ರ ಲೆಕ್ಕ ಸರಿ. ಬಾತ್ಮಾ, ಕೊಳವೆ ಎಲ್ಲಿಟ್ಕೊಳ್ತಿದ್ದೆ?"

ಬಾತ್ಮಾ ಶಾಲನ್ನು ಎದೆಗೆ ಒತ್ತಿಕೊಂಡಳು. "ಇಲ್ಲಿ, ತಾಯಿ. ಸಾಯೋ ಹಾಗಿರೋ ಮನುಷ್ಯನ ರಕ್ತ. ಹೊರಗೆ ಈ ಪಾಟಿ ಚಳಿ, ಅದರ ಮೇಲೆ ಐಸ್ ಬೇರೆ! ನನಗೆ ಮನಸ್ಸು ಬರಲಿಲ್ಲ."

ಯಾರೂ ಬೈಯಲಿಲ್ಲ. ಡಾಕ್ಟರ್ ಎದ್ದು ಐಜಿರೆಕ್‌ಳ ಕ್ಷಮೆ ಕೇಳಿ, ಹನಿಯನ್ನು ಮತ್ತೆ ಶುರು ಮಾಡಲು ಹೇಳಿದರು. ಹದಿನೈದು ದಿನದಲ್ಲಿ ಕುಬಾತ್ ಎದ್ದು ಕೂತು ಕುದುರೆಗಳನ್ನು ವಿಚಾರಿಸಿದ.

ಅವನನ್ನು ನೋಡಲು ಹೋದಾಗ ಬಾತ್ಮಾ ಎದುರಾದಳು. ಕೊಳವೆಗಳು ಐಸಿನಲ್ಲಿದ್ದವು. ಪೆಟ್ಟಿಗೆಯ ಹಿಡಿಗೆ ಮಾತ್ರ ಕೆಂಪು ಉಣ್ಣೆಯ ಕವಚ ಹೆಣೆದಿದ್ದಳು.

"ಭಾನುವಾರ ಹೊರೋನ ಕೈಯಾದ್ರೂ ಬೆಚ್ಚಗಿರ್ಲಿ," ಎಂದಳು.