ಆರುವ ಮುನ್ನ ಅಳೆದ ಅಯಸ್ಕಾಂತ

ಅಯಸ್ಕಾಂತದ ಬಲ ಶೇಕಡಾ ಮೂರು ಕಡಿಮೆ. ಶೀಟಿನಲ್ಲಿದ್ದ ರೀಡಿಂಗನ್ನು ಪರೀಕ್ಷೆಯ ಹೊಣೆ ಹೊತ್ತ ಎಂಜಿನಿಯರಾದ ಅವಳು ಎರಡೆರಡು ಸಲ ಓದಿದಳು.

ವಿಮಾನದ ಜನರೇಟರಿನೊಳಗೆ ಕೂರುವ ಅಯಸ್ಕಾಂತಗಳವು. ವರ್ಷಗಟ್ಟಲೆ ಬಿಸಿಯಲ್ಲಿ ತಿರುಗಿದರೂ ಬಲ ಕುಂದುವುದಿಲ್ಲವೆಂದು ತೋರಿಸಲು ಹತ್ತು ಸಾವಿರ ಗಂಟೆ, ಅಂದರೆ ಹದಿನಾಲ್ಕು ತಿಂಗಳು, ಓವನ್ನಿನಲ್ಲಿಟ್ಟಿದ್ದರು. ಇಂದು ಕೊನೆಯ ಅಳತೆ. ನಾಳೆ ಅವಳು ಬೇರೆ ಊರಿನ ಕೆಲಸಕ್ಕೆ ಹೊರಡಬೇಕು. ಪ್ಯಾಕಿಂಗ್ ಮುಗೀತೇನೇ ಎಂದು ಆ ಊರಿನಲ್ಲೇ ಇರುವ ಅಕ್ಕ ಬೆಳಗ್ಗಿನಿಂದ ಫೋನಿನಲ್ಲಿ ಜೀವ ತಿನ್ನುತ್ತಿದ್ದಳು.

ಎಲ್ಲಿಯ ಪ್ಯಾಕಿಂಗ್? ಮನಸ್ಸೆಲ್ಲ ಈ ಅಳತೆ ತೆಗೆಯುವ ಟೆಕ್ನಿಷಿಯನ್ನನ ಸುತ್ತಲೇ ಇತ್ತು. ಲ್ಯಾಬಿನವರ ಬಾಯಲ್ಲಿ ಅವನು ನಿಧಾನಪ್ಪ. ತಿಂಗಳಿಗೊಮ್ಮೆ ಅಳತೆಗೆಂದು ಓವನ್ನಿನಿಂದ ತೆಗೆದ ಅಯಸ್ಕಾಂತ ಪೂರ್ತಿ ಆರಲು ಎರಡು ಗಂಟೆ ಬೇಕು, ಅಲ್ಲಿಯವರೆಗೆ ಅಳೆಯುವವನಲ್ಲ. ಆ ಎರಡೆರಡು ಗಂಟೆಗಳಲ್ಲೇ ಅವರಿಬ್ಬರ ಕಾಫಿ, ಹರಟೆ, ಕದ್ದು ನೋಡುವ ಆಟ ಎಲ್ಲ ನಡೆದಿತ್ತು. ಹೇಳಬೇಕಾದ್ದೊಂದನ್ನು ಮಾತ್ರ ಮಹಾರಾಯ ಹೇಳಿರಲಿಲ್ಲ. ಅವಳಿಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ, ನಿಂತಲ್ಲಿ ನಿಲ್ಲಲಾಗುತ್ತಿರಲಿಲ್ಲ.

"ಬ್ಯಾಚ್ ಪೂರ್ತಿ ರಿಜೆಕ್ಟ್ ಆಗುತ್ತೆ," ಎಂದಳು. "ಹೋದ ತಿಂಗಳು ಸರಿಯಾಗೇ ಇತ್ತಲ್ಲ?"

ಅವನು ಅವಸರದಲ್ಲಿ ಮೀಟರಿನ ವೈರು ಸುತ್ತತೊಡಗಿದ. ಕಿವಿ ಕೆಂಪಾಗಿತ್ತು.

ಅವಳು ಅಯಸ್ಕಾಂತದ ಬಳಿ ಅಂಗೈ ಹಿಡಿದಳು. ಕಾವು ಹೊಡೆಯಿತು. ಬಿಸಿಯಿದ್ದಾಗ ಬಲ ಕಡಿಮೆ ತೋರಿಸುತ್ತದೆ, ಆರಿದರೆ ಮರಳುತ್ತದೆ. ಹೊಸಬರಿಗೆಲ್ಲ ಅವನೇ ಹೇಳಿಕೊಡುತ್ತಿದ್ದ ಮೊದಲ ಪಾಠವಿದು.

"ಆರೋಕೇ ಬಿಟ್ಟಿಲ್ವಾ?"

"ಇಲ್ಲ, ಮೇಡಂ. ಹದಿನಾಲ್ಕು ತಿಂಗಳು ಕಾದಿದ್ದು ಸಾಕು ಅನ್ನಿಸ್ತು."

"ಕಾದಿದ್ದು ಯಾರು, ಅಯಸ್ಕಾಂತಾನಾ?"

"ಇಬ್ರೂ." ಅವನು ಕೈಗವಸು ಕಳಚಿದ. "ಇವತ್ತು ಎರಡು ಗಂಟೆ ನಿಮ್ಮೆದುರು ಕೂತ್ರೆ ಬಾಯಿ ತಪ್ಪಿ ಹೇಳ್ಬಿಡ್ತೀನಿ ಅಂತ ಭಯ ಆಯ್ತು. ಬೇಗ ಮುಗಿಸಿ ತಪ್ಪಿಸ್ಕೊಳೋಣ ಅಂದ್ಕೊಂಡೆ."

"ಏನು ಹೇಳ್ಬಿಡ್ತೀರಿ?"

"ನೀವಂದ್ರೆ ನಂಗೆ ಪ್ರಾಣ ಅಂತ."

ಅವಳು ಪೆನ್ನು ತೆಗೆದು ರೀಡಿಂಗ್ ಹೊಡೆದುಹಾಕಿ, ಬಿಸಿಯಲ್ಲಿ ಅಳೆದದ್ದು, ರದ್ದು ಎಂದು ಬರೆದಳು. ಎರಡು ಗಂಟೆ ಕಾಯಲು ಅವನೆದುರೇ ಕುರ್ಚಿ ಎಳೆದುಕೊಂಡಳು.

ಅಯಸ್ಕಾಂತ ಆರಿದ ಮೇಲೆ ಇಬ್ಬರೂ ಸೇರಿ ಅಳೆದರು. ಬಲ ಹೋದ ತಿಂಗಳಷ್ಟೇ ಇತ್ತು. ಅವಳ ಚಡಪಡಿಕೆ ಮಾತ್ರ ಹಾಗೇ ಉಳಿಯಿತು.

"ನಾಳೆ ಹೊರಡೋದು ತಪ್ಪಲ್ಲ," ಎಂದಳು. ಅವನ ಮುಖ ಬಾಡಿತು. "ನನಗೂ ನೀವಂದ್ರೆ ಅಷ್ಟೇ. ಆದ್ರೆ ನಿಮ್ಮನ್ನ ನಂಬಿ ಇನ್ನೊಂದು ಹದಿನಾಲ್ಕು ತಿಂಗಳು ಕೂರೋಳಲ್ಲ ನಾನು. ಅಲ್ಲಿಗೆ ಯಾವತ್ತು ಬಂದು ನಮ್ಮಕ್ಕನ ಹತ್ರ ಮದುವೆ ಮಾತು..."

"ಶನಿವಾರ," ಎಂದ, ಅವಳ ಮಾತು ಮುಗಿಯುವ ಮೊದಲೇ.