ಬಾಯಿ ಹೊಲಿದ ಬೊಂಬೆ

"ಏನು ಬೇಕಾದ್ರೂ ತಡೀರಿ ಸಾರ್, ತಾಯಿ ಬರೆದ ಕಾಗದ ಮಾತ್ರ ತಡೀಬೇಡಿ," ಎಂದ ಮುದುಕ ವಾರ್ಡರ್.

ಹೊಸ ಜೈಲರ್ ನಕ್ಕುಬಿಟ್ಟ. ಅವನು ಬಂದು ಮೂರೇ ದಿನವಾಗಿತ್ತು. ಗೋಡೆಯೊಳಗೆ ಗೋಡೆ, ಕೋಣೆಗೊಬ್ಬ ಕೈದಿ, ಒಳಗೆ ಹೋಗಬೇಕಾದರೆ ಏಳು ಬಾಗಿಲು. ಇಷ್ಟಿದ್ದೂ ಶಿಸ್ತು ಸಡಿಲವಾಗಿದೆ ಎಂದು ಅವನಿಗನ್ನಿಸಿತ್ತು. ಜೀವಾವಧಿ ಶಿಕ್ಷೆಯ ಬಡಗಿಯೊಬ್ಬ ಊಟದ ತಟ್ಟೆ ಎಸೆದದ್ದಕ್ಕೆ, ತಿಂಗಳ ಕಾಲ ಅವನಿಗೆ ಕಾಗದ ಕೊಡಕೂಡದೆಂದು ಆಜ್ಞೆ ಮಾಡಿದ್ದ.

"ಕೊಡದಿದ್ರೆ ದೆವ್ವ ಬರುತ್ತೇನಯ್ಯಾ?"

ವಾರ್ಡರ್ ನಗದೆ ಹಳೆಯ ಸಂಗತಿ ಹೇಳಿದ. ಅವನ ಅಪ್ಪನೂ ಇಲ್ಲೇ ವಾರ್ಡರ್ ಆಗಿದ್ದವನು. ಆಗ ನೇಣುಶಿಕ್ಷೆಯಾದ ಯುವಕನೊಬ್ಬನಿಗೆ ತಾಯಿ ವಾರವಾರವೂ ಬರೆಯುತ್ತಿದ್ದಳು. ಅಂದಿನ ಜೈಲರ್ ಒಂದನ್ನೂ ಕೊಡಲಿಲ್ಲ. ಅಮ್ಮ ಮರೆತೇಬಿಟ್ಟಳೆಂದುಕೊಂಡು ಮಗ ಹಗ್ಗಕ್ಕೆ ಕೊರಳು ಕೊಟ್ಟ. ಹೆಣ ಒಯ್ಯಲು ಬಂದವಳಿಗೆ ಸಂಗತಿ ತಿಳಿಯಿತು. ಮಗನ ಕೂದಲು, ಅಂಗಿಯ ಚಿಂದಿ ಸೇರಿಸಿ ಬೊಂಬೆ ಮಾಡಿದಳು. ಅದರ ಬಾಯನ್ನು ಕರಿದಾರದಲ್ಲಿ ಹೊಲಿದು, ಮಾಟ ಮಾಡಿ, ಯಾರ ಕೈಕಾಲು ಹಿಡಿದಳೋ, ದಫ್ತರದ ಕೋಣೆಯ ಹೊಸ್ತಿಲಡಿ ಹೂಳಿಸಿದಳು.

"'ನನ್ ಮಾತು ತಡೆದವನ ಮಾತು ಅವನ ಮಕ್ಕಳಿಗೆ ಮುಟ್ಟದೇ ಹೋಗ್ಲಿ' ಅಂದ್ಲಂತೆ. ಆ ಜೈಲರ್ ಸಾಯೋವಾಗ ಮಗನ್ನ ಕೂಗ್ತಾನೇ ಇದ್ದ ಸಾರ್. ಮಗ ಪಕ್ಕದಲ್ಲೇ ಕೂತು, 'ಅಪ್ಪ ಯಾಕೆ ಮಾತಾಡ್ತಿಲ್ಲ' ಅಂತ ಅಳ್ತಿದ್ದ."

"ಕತೆ ಚೆನ್ನಾಗಿ ಕಟ್ತೀಯ," ಎಂದು ಜೈಲರ್ ಬಡಗಿಗೆ ಬಂದ ಕಾಗದವನ್ನು ದಫ್ತರದ ಬೀರುವಿನಲ್ಲಿಟ್ಟು ಬೀಗ ಹಾಕಿದ. ಆಮೇಲೆ ಬಂದ ಇನ್ನೆರಡನ್ನೂ ಅಲ್ಲೇ ತುರುಕಿದ.

ಹನ್ನೆರಡನೆಯ ದಿನ ಮಧ್ಯಾಹ್ನ ಆಸ್ಪತ್ರೆಯಿಂದ ಹೆಂಡತಿಯ ಫೋನು. ಎಂಟು ವರ್ಷದ ಮಗಳ ಕರುಳು ತಿರುಚಿಕೊಂಡಿತ್ತು. ಕೂಡಲೇ ಆಪರೇಷನ್ ಆಗಬೇಕು.

"ನಿಮ್ ಹತ್ರ ಮಾತಾಡದೆ ಒಳಗೆ ಹೋಗಲ್ಲ ಅಂತ ಹಟ ಮಾಡ್ತಿದಾಳೆ," ಎಂದು ಫೋನನ್ನು ಮಗಳ ಕೈಗಿತ್ತಳು.

"ಪುಟ್ಟೀ, ಹೆದರಬೇಡ ಕಂದಾ. ಹೊರಟೆ, ಬಂದ್ಬಿಡ್ತೀನಿ."

"ಅಪ್ಪಾ? ಮಾತಾಡು."

ಮಾತಾಡಿದ. ಕೂಗಿದ. ಗಂಟಲು ಹರಿಯುವ ಹಾಗೆ ಕಿರುಚಿದ.

"ಉಸಿರಾಡೋದು ಕೇಳಿಸ್ತಿದೆ ಅಪ್ಪಾ. ನನ್ ಮೇಲೆ ಕೋಪಾನಾ?"

ಹೆಂಡತಿ ಫೋನು ಕಿತ್ತುಕೊಂಡಳು. "ನಿಮ್ ಕೂಗು ನಂಗೆ ಇಲ್ಲಿವರೆಗೂ ಕೇಳಿಸ್ತು. ಇವಳಿಗ್ಯಾಕೆ..."

ಅವನು ದಫ್ತರದ ಕೋಣೆಗೆ ಓಡಿದ. ಕಿಟಕಿಯಿಲ್ಲದ ಕೋಣೆ. ಸ್ವಿಚ್ ಒತ್ತಿದರೆ ದೀಪ ಹತ್ತಲಿಲ್ಲ. ಸುಟ್ಟ ಕೂದಲಿನ ವಾಸನೆ. ಹೊಸ್ತಿಲ ಕೆಳಗಿನಿಂದ, ಬಾಯಿಗೆ ಬಟ್ಟೆ ತುರುಕಿದವರ ಅಳು. ಬೀಗಕ್ಕಾಗಿ ತಡಕಾಡಿದ. ನಾಲಿಗೆಗೆ ಏನೋ ತೊಡರಿತು. ಎಳೆದ. ದಾರ. ಇನ್ನೂ ಎಳೆದ. ಮುಗಿಯಲಿಲ್ಲ. ಒದ್ದೆ ದಾರ. ತುಟಿಯ ಮೂಲೆಗೆ ಸೂಜಿ ಚುಚ್ಚಿತು. ಮತ್ತೆ ಚುಚ್ಚಿತು. ಬೀರು ತೆರೆಯಿತು. ಕಾಗದಗಳನ್ನು ಎದೆಗವಚಿಕೊಂಡು, ರಕ್ತ ಉಗುಳುತ್ತ, ಏಳು ಬಾಗಿಲನ್ನೂ ದಾಟಿ ಬಡಗಿಯ ಕೋಣೆಗೆ ಓಡಿದ.

ಬಡಗಿ ಮೂರು ಕಾಗದಗಳನ್ನೂ ನಿಧಾನವಾಗಿ ಓದಿದ. ಮೊದಲೆರಡು ಅಮ್ಮನವು. ಹಾಸಿಗೆ ಹಿಡಿದಿದ್ದಳು, ಅನುಮತಿ ಕೇಳಿಕೊಂಡು ಒಮ್ಮೆ ಬಂದು ಹೋಗು ಎಂದಿದ್ದಳು. ಮೂರನೆಯದು ಅಕ್ಕನದು. ಎಲ್ಲ ಮುಗಿದ ಮೇಲೆ ಬರೆದದ್ದು.

ಅವನು ಕೂಗಾಡಲಿಲ್ಲ. "ಬರಲಿಲ್ಲ ಅಂತ ಅಮ್ಮ ನನ್ನ ಬೈಕೊಂಡು ಹೋದ್ಲಾ ಸಾರ್?" ಎಂದ, ಕಾಗದ ಮಡಿಸುತ್ತ.

ಜೈಲರ್ ಸರಳು ಹಿಡಿದು ಕುಸಿದು ಕೂತ. ತೊದಲುತ್ತಲೇ ಎಲ್ಲ ಹೇಳಿದ. "ಮಗಳು ಆಪರೇಷನ್ ಮೇಜಿನ ಮೇಲಿದಾಳೆ. ಶಾಪ ಬಿಡಿಸಪ್ಪಾ."

"ನಾನು ಹಾಕಿದ್ದಲ್ಲವಲ್ಲ ಸಾರ್, ಹೇಗೆ ಬಿಡಿಸ್ಲಿ?" ಬಡಗಿ ಗೋಡೆಯ ಕಡೆ ತಿರುಗಿದ. ಕಾಗದಗಳನ್ನು ಅಂಗಿಯೊಳಗೆ ಸೇರಿಸಿಕೊಂಡು, "ಮಗು ಬದುಕ್ಲಿ," ಎಂದ.

ಮಗು ಬದುಕಿತು. ಸಂಜೆ ಕಣ್ಣು ಬಿಟ್ಟು ನರ್ಸಿನ ಹತ್ತಿರ ನೀರು ಕೇಳಿತು, ಅಮ್ಮನ ಮಾತಿಗೆ ನಕ್ಕಿತು. ಅಪ್ಪ ಹೆಸರು ಹಿಡಿದು ಕರೆದಾಗ ಮಾತ್ರ ಅವನ ತುಟಿ ಆಡುವುದನ್ನೇ ನೋಡಿತು.

ಅವನು ಕರೆಯುತ್ತಲೇ ಇದ್ದ. ಹೆಂಡತಿ ಸೆರಗು ಬಾಯಿಗಿಟ್ಟುಕೊಂಡಳು. ಮಗಳು ಸೂಜಿ ಚುಚ್ಚಿದ ಕೈಯನ್ನು ಮೆಲ್ಲಗೆ ಎತ್ತಿ ಅಪ್ಪನ ಗಂಟಲ ಮೇಲಿಟ್ಟಳು.

"ಇಲ್ಲಿ ನಡುಗ್ತಿದೆ ಅಪ್ಪಾ," ಎಂದಳು. "ಇನ್ನೊಂದ್ಸಲ ಹೇಳು."